ಸರ್ಕಾರಿ ಟೆಂಡರ್ ಹಾಕ್ತೀರಾ? ದರ ಬರೆಯುವ ಮೊದಲು ಇಷ್ಟು ನೋಡಿಕೊಳ್ಳಿ

ಕೋಲಾರದ ಕಡೆಯ ಮೇಸ್ತ್ರಿಗಳಿಗೆ, ಡಿಪ್ಲೊಮಾ ಮುಗಿಸಿ ಸೈಟ್ ನೋಡಿಕೊಳ್ಳುವ ಹುಡುಗರಿಗೆ ಸರ್ಕಾರಿ ಕೆಲಸ ಹೊಸದೇನಲ್ಲ. ಚರಂಡಿ, ಸಿಸಿ ರಸ್ತೆ, ಅಂಗನವಾಡಿ ಕಟ್ಟಡ, ಕೆರೆ ಕೋಡಿ ರಿಪೇರಿ ಎಲ್ಲ ಮಾಡಿರುತ್ತಾರೆ. ಆದರೆ ಬೇರೆಯವರ ಲೈಸೆನ್ಸ್‌ನಲ್ಲಿ. ವರ್ಷಗಟ್ಟಲೆ ದುಡಿದರೂ ಕಾಗದದ ಮೇಲೆ ಆ ಅನುಭವ ಲೈಸೆನ್ಸ್ ಇದ್ದವರದ್ದೇ. ಸ್ವಂತ ಹೆಸರಲ್ಲಿ ಟೆಂಡರ್ ಹಾಕಲು ಕೂತಾಗ ತೋರಿಸಲು ಏನೂ ಇರುವುದಿಲ್ಲ. ಅದಕ್ಕೇ, ಚಿಕ್ಕದಾದರೂ ಪರವಾಗಿಲ್ಲ, ಮೊದಲ ಕೆಲಸ ನಿಮ್ಮ ಹೆಸರಲ್ಲೇ ಆಗಲಿ.

ಲೈಸೆನ್ಸ್ ಮತ್ತು ಕಾಗದ

ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರರಾಗಿ ನೋಂದಣಿ ಮಾಡಿಸುವುದು ಮೊದಲ ಹೆಜ್ಜೆ. ಹೊಸಬರು ಸಾಮಾನ್ಯವಾಗಿ ಕೆಳಗಿನ ದರ್ಜೆಯಿಂದ ಶುರು ಮಾಡುತ್ತಾರೆ. ಯಾವ ದರ್ಜೆಯವರು ಎಷ್ಟು ಮೊತ್ತದ ಕೆಲಸಕ್ಕೆ ಟೆಂಡರ್ ಹಾಕಬಹುದು ಎಂಬ ಮಿತಿ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವಾಗಲೇ ಕೇಳಿಕೊಳ್ಳಿ. ವಿದ್ಯುತ್ ಕೆಲಸಕ್ಕೆ ಬೇರೆ ಲೈಸೆನ್ಸ್ ಬೇಕು.

ಜೊತೆಗೆ ಪ್ಯಾನ್, ಜಿಎಸ್‌ಟಿ, ಡಿಜಿಟಲ್ ಸಹಿ ಬೇಕು. ಎಷ್ಟೋ ಟೆಂಡರ್‌ಗಳಲ್ಲಿ ಪಿಎಫ್, ಇಎಸ್‌ಐ ನೋಂದಣಿಯನ್ನೂ ಕೇಳುತ್ತಾರೆ. ಡಿಜಿಟಲ್ ಸಹಿಯ ಪೆನ್‌ಡ್ರೈವ್ ಮತ್ತು ಪಾಸ್‌ವರ್ಡ್ ಸೈಬರ್ ಸೆಂಟರ್‌ನವರ ಡ್ರಾಯರ್‌ನಲ್ಲಿ ಇರುವುದು ನಮ್ಮಲ್ಲಿ ಮಾಮೂಲಿ. ಅದು ನಿಮ್ಮ ಸಹಿ ಸ್ವಾಮಿ, ನಿಮ್ಮ ಹತ್ತಿರವೇ ಇರಲಿ.

ಕೆಲಸ ಎಲ್ಲಿ ಹುಡುಕುವುದು

1999ರ ಪಾರದರ್ಶಕತೆ ಕಾಯ್ದೆ (ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ಸಂಬಂಧಿಸಿದ್ದು) ಬಂದ ಮೇಲೆ ರಾಜ್ಯದಲ್ಲಿ ಸರ್ಕಾರಿ ಕೆಲಸಕ್ಕೆ ಸಾಮಾನ್ಯವಾಗಿ ಟೆಂಡರ್ ಕರೆಯಬೇಕು. ಈಗ ಅದೆಲ್ಲ ಕೆಪಿಪಿಪಿ ಪೋರ್ಟಲ್‌ನಲ್ಲಿ, ಅಂದರೆ ರಾಜ್ಯ ಸರ್ಕಾರದ ಟೆಂಡರ್ ವೆಬ್‌ಸೈಟ್‌ನಲ್ಲಿ ಬರುತ್ತದೆ. ಅಲ್ಲಿ ನೋಂದಣಿ ಮಾಡಿಕೊಂಡು, ಬರೀ ಲೋಕೋಪಯೋಗಿ ಇಲಾಖೆ ಅಂತ ಹುಡುಕಬೇಡಿ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಸಣ್ಣ ನೀರಾವರಿ, ಗ್ರಾಮೀಣ ಕುಡಿಯುವ ನೀರು, ನಗರಸಭೆ, ಪುರಸಭೆ ಎಲ್ಲವನ್ನೂ ನೋಡಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಚಿಕ್ಕ ಕೆಲಸಗಳು ಇವುಗಳಿಂದಲೇ ಜಾಸ್ತಿ ಬರುತ್ತವೆ.

ಟೆಂಡರ್ ಕರೆದದ್ದೇ ಕಾಣಲಿಲ್ಲ, ಆದರೂ ಊರಲ್ಲಿ ಕೆಲಸ ನಡೀತಿದೆಯಲ್ಲ ಅಂತ ಕೇಳುವವರಿದ್ದಾರೆ. ಕೆಆರ್‌ಐಡಿಎಲ್ (ಗ್ರಾಮೀಣ ಮೂಲಸೌಕರ್ಯದ ಸರ್ಕಾರಿ ನಿಗಮ), ನಿರ್ಮಿತಿ ಕೇಂದ್ರದಂಥ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟು ನೇರವಾಗಿ ಕೆಲಸ ವಹಿಸುವ ದಾರಿಯೂ ಕಾಯ್ದೆಯಲ್ಲೇ ಇದೆ. ಅದರ ಬಗ್ಗೆ ತಕರಾರು ಬೇಕಾದಷ್ಟಿದೆ, ಆ ಮಾತು ಬೇರೆ.

ಮೀಸಲಾತಿಯನ್ನೂ ಗಮನಿಸಿ. ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95ರಷ್ಟು ಕೆಲಸಗಳು ಮೀಸಲು. ಎಷ್ಟು ಮೊತ್ತದವರೆಗಿನ ಕೆಲಸಕ್ಕೆ ಇದು ಅನ್ವಯ ಎಂಬುದಕ್ಕಿದ್ದ 50 ಲಕ್ಷದ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಿದರು. ಆಮೇಲೆ ಹಿಂದುಳಿದ ವರ್ಗಗಳ ಪ್ರವರ್ಗ 1 ಮತ್ತು 2ಎಗೂ ಪಾಲು ಸಿಕ್ಕಿತು. ಯಾವ ಕೆಲಸ ಯಾರಿಗೆ ಮೀಸಲು ಎಂದು ಟೆಂಡರ್ ಪ್ರಕಟಣೆಯಲ್ಲೇ ಬರೆದಿರುತ್ತಾರೆ.

ಅರ್ಹತೆಯ ಲೆಕ್ಕ

ಟೆಂಡರ್ ಪತ್ರ ತೆರೆದ ತಕ್ಷಣ ಎಲ್ಲರ ಕಣ್ಣು ಹೋಗುವುದು ಅಂದಾಜು ಮೊತ್ತದ ಮೇಲೆ. ಮೊದಲು ಅರ್ಹತೆಯ ಪುಟ ಓದಿ. ಹಿಂದಿನ ವರ್ಷಗಳ ವಹಿವಾಟು, ಇಂಥದ್ದೇ ಕೆಲಸ ಮಾಡಿದ ಅನುಭವ, ಯಂತ್ರಗಳು, ಹೀಗೆ ಪಟ್ಟಿ ಇರುತ್ತದೆ. ವಹಿವಾಟಿಗೆ ಲೆಕ್ಕಪರಿಶೋಧಕರ ಪತ್ರ ಬೇಕು. ಅನುಭವಕ್ಕೆ ಸಾಮಾನ್ಯವಾಗಿ ಕಾರ್ಯಪಾಲಕ ಎಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದವರ ಪ್ರಮಾಣಪತ್ರ ಬೇಕು.

ದೊಡ್ಡ ಕೆಲಸಗಳಲ್ಲಿ ಟೆಂಡರ್ ಸಾಮರ್ಥ್ಯ ಎಂಬ ಲೆಕ್ಕ ಇರುತ್ತದೆ: ಎ × ಎನ್ × 1.5 − ಬಿ. ಎ ಅಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಗರಿಷ್ಠ ಕೆಲಸದ ಮೊತ್ತ. ಎನ್ ಅಂದರೆ ಹೊಸ ಕೆಲಸಕ್ಕೆ ಕೊಟ್ಟಿರುವ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಅಂದರೆ ಆ ಅವಧಿಯಲ್ಲಿ ಮುಗಿಸಬೇಕಾದ, ಈಗಾಗಲೇ ಕೈಯಲ್ಲಿರುವ ಕೆಲಸದ ಮೊತ್ತ. ಎ 80 ಲಕ್ಷ, ಅವಧಿ ಆರು ತಿಂಗಳು, ಕೈಯಲ್ಲಿ 35 ಲಕ್ಷದ ಕೆಲಸ ಇದೆ ಅಂದುಕೊಳ್ಳಿ. 80 × 0.5 × 1.5 ಅಂದರೆ 60 ಲಕ್ಷ. ಅದರಲ್ಲಿ 35 ಕಳೆದರೆ ಉಳಿದದ್ದು 25 ಲಕ್ಷ. 30 ಲಕ್ಷದ ಟೆಂಡರ್‌ಗೆ ನೀವು ಎಷ್ಟೇ ಕಡಿಮೆ ದರ ಹಾಕಿದರೂ ತಾಂತ್ರಿಕ ಹಂತದಲ್ಲೇ ಔಟ್. ನಿಮ್ಮ ದರದ ಲಕೋಟೆಯನ್ನು ತೆರೆಯುವುದೇ ಇಲ್ಲ. 1.5ರ ಬದಲು ಬೇರೆ ಅಂಕಿ ಇದೆಯಾ ಅಂತಲೂ ನೋಡಿಕೊಳ್ಳಿ.

ಜಾಗಕ್ಕೆ ಹೋಗಿ ಬನ್ನಿ

ಕಚೇರಿಯಲ್ಲಿ ಕೂತು ದರ ಬರೆಯುವವರು ನಷ್ಟ ಮಾಡಿಕೊಳ್ಳುವುದು ಇಲ್ಲೇ. ನಮ್ಮ ಜಿಲ್ಲೆಯ ನೆಲ ಗೊತ್ತಲ್ಲ, ಎರಡು ಅಡಿ ಅಗೆದರೆ ಬಂಡೆ ಸಿಗುವ ಜಾಗ ಎಷ್ಟೋ ಇವೆ. ಅಂದಾಜುಪಟ್ಟಿಯಲ್ಲಿ ಸಾಧಾರಣ ಮಣ್ಣಿನ ಅಗೆತ ಅಂತಷ್ಟೇ ಇದ್ದರೆ, ಬಂಡೆ ಬಂದಾಗ ಏನು ಮಾಡುತ್ತಾರೆ ಎಂದು ಟೆಂಡರ್ ಹಾಕುವ ಮೊದಲೇ ಬರಹದಲ್ಲಿ ಕೇಳಿ. ಜೆಲ್ಲಿ, ಎಂ ಸ್ಯಾಂಡ್ ಎಷ್ಟು ದೂರದಿಂದ ತರಬೇಕು, ಪಟ್ಟಿಯಲ್ಲಿ ಎಷ್ಟು ಲೀಡ್ (ಸಾಗಣೆ ದೂರ) ಹಿಡಿದಿದ್ದಾರೆ ಅನ್ನುವುದನ್ನು ತಾಳೆ ನೋಡಿ.

ಕೆರೆ ಕೆಲಸವಾದರೆ ಇನ್ನೂ ಹುಷಾರಾಗಿರಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಜಿಲ್ಲೆಯ ಅನೇಕ ಕೆರೆಗಳ ಕಥೆಯೇ ಬದಲಾಗಿದೆ. ಮುಂಚೆ ಬೇಸಿಗೆಯಲ್ಲಿ ಒಣಗಿದ ಅಂಗಳಕ್ಕೆ ಟ್ರ್ಯಾಕ್ಟರ್ ಇಳಿಸಿ ತೂಬು ರಿಪೇರಿ ಮಾಡಬಹುದಿತ್ತು. ಈಗ ಏಪ್ರಿಲ್‌ನಲ್ಲೂ ನೀರು ನಿಂತಿರಬಹುದು. ಅಡ್ಡ ಮಣ್ಣಿನ ಒಡ್ಡು, ಪಂಪು, ಡೀಸೆಲ್ ಎಲ್ಲ ಲೆಕ್ಕಕ್ಕೆ ಬರಬೇಕು.

ದರ ಬರೆಯುವಾಗ

ಪೈಪೋಟಿಗೆ ಬಿದ್ದು ಸುಮ್ನೆ ಬಿಲೋ (ಅಂದಾಜು ಮೊತ್ತಕ್ಕಿಂತ ಕಡಿಮೆ ದರ) ಹಾಕುವ ಚಾಳಿ ಈಗ ಜಾಸ್ತಿ. ದರ ತೀರಾ ಕಡಿಮೆಯಾದರೆ ಇಲಾಖೆ ದರ ವಿಶ್ಲೇಷಣೆ ಕೇಳಬಹುದು, ಭದ್ರತಾ ಠೇವಣಿ ಹೆಚ್ಚಿಸಬಹುದು.

ಬಿಲ್ಲಿನ ದುಡ್ಡು ಪೂರ್ತಿ ಕೈಗೆ ಬರುವುದಿಲ್ಲ. 10 ಲಕ್ಷದ ಕೆಲಸ ಅಂದುಕೊಳ್ಳಿ. ಕಾರ್ಮಿಕ ಸೆಸ್ ಶೇ 1, ಅಂದರೆ 10 ಸಾವಿರ ಹೋಯಿತು, ಅದು ವಾಪಸ್ ಬರಲ್ಲ. ಒಬ್ಬರ ಹೆಸರಿನ ಸಂಸ್ಥೆಯಾದರೆ ಆದಾಯ ತೆರಿಗೆ ಶೇ 1 ಹಿಡಿಯುತ್ತಾರೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಜಿಎಸ್‌ಟಿ ಟಿಡಿಎಸ್ (ಬಿಲ್ಲಿನಲ್ಲೇ ಹಿಡಿಯುವ ಜಿಎಸ್‌ಟಿ) ಶೇ 2, ಅದು ನಿಮ್ಮ ಜಿಎಸ್‌ಟಿ ಖಾತೆಗೆ ಜಮಾ ಆಗುತ್ತದೆ. ಭದ್ರತಾ ಮೊತ್ತ ಬೇರೆ ಹಿಡಿಯುತ್ತಾರೆ, ಅದು ದೋಷ ಹೊಣೆಗಾರಿಕೆ ಅವಧಿ (ಕೆಲಸದಲ್ಲಿ ದೋಷ ಕಂಡರೆ ನೀವೇ ಸರಿಪಡಿಸಬೇಕಾದ ಅವಧಿ) ಮುಗಿಯುವವರೆಗೂ ನಿಂತಿರಬಹುದು. ಜೆಲ್ಲಿ, ಮಣ್ಣಿಗೆ ಗಣಿ ಇಲಾಖೆಯ ಪರವಾನಗಿ ಚೀಟಿ ಇಲ್ಲದಿದ್ದರೆ ಖನಿಜಕ್ಕೆ ಸರ್ಕಾರಕ್ಕೆ ಕಟ್ಟಬೇಕಾದ ರಾಜಧನವೂ ಬಿಲ್ಲಿನಲ್ಲೇ ಕಡಿತ. ಕ್ರಷರ್‌ನವರಿಂದ ಲೋಡಿಗೊಂದು ಚೀಟಿ ಬಿಡದೆ ಇಸಿದುಕೊಳ್ಳಿ.

ಇನ್ನೊಂದು ಪ್ರಶ್ನೆ ಕೇಳುವವರು ಕಡಿಮೆ: ದುಡ್ಡು ಯಾವ ಯೋಜನೆಯದು? ಅನುದಾನ ಬಿಡುಗಡೆ ಆಗಿದೆಯಾ? ಬಿಲ್ ಬಾಕಿ ಎಂಬ ಗೋಳು ರಾಜ್ಯದ ಗುತ್ತಿಗೆದಾರರಿಗೆ ಹಳೆಯದು. ಮೂರು ರೂಪಾಯಿ ಬಡ್ಡಿಗೆ ಸಾಲ ತಂದು ಕೆಲಸ ಮುಗಿಸಿ, ಬಿಲ್ಲಿಗೆ ಒಂದು ವರ್ಷ ಕಾದರೆ 10 ಲಕ್ಷಕ್ಕೆ 3.6 ಲಕ್ಷ ಬಡ್ಡಿಯೇ ಆಯಿತು. ಯಾವ ಲಾಭ ಉಳಿಯುತ್ತೆ ಹೇಳಿ. ಅಂಥ ಟೆಂಡರ್ ಬಿಟ್ಟುಬಿಡುವುದೇ ಜಾಣತನ ಅನ್ನುವುದು ನನ್ನ ಅಭಿಪ್ರಾಯ.

ಹಾಕುವುದು, ಆಮೇಲಿನದು

ಇಎಂಡಿ ಹಣವನ್ನು (ಟೆಂಡರ್ ಜೊತೆ ಇಡುವ ಮುಂಗಡ ಠೇವಣಿ) ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಬ್ಯಾಂಕಿನಿಂದ ಪೋರ್ಟಲ್‌ಗೆ ತಲುಪಲು ಸಮಯ ಬೇಕು. ತಿದ್ದುಪಡಿ ಬಂದಿದೆಯಾ ಅಂತ ಹಾಕುವ ಮುಂಚೆ ಮತ್ತೊಮ್ಮೆ ನೋಡಿ. ಸ್ಕ್ಯಾನ್ ಮಾಡಿದ ಪ್ರತಿ ಪುಟ ತೆರೆದು ಓದಲು ಬರುತ್ತಾ ಪರೀಕ್ಷಿಸಿ.

ಟೆಂಡರ್ ಅಂಗೀಕಾರದ ಆದೇಶದಲ್ಲಿ ಅನ್ಯಾಯವಾಗಿದೆ ಅನಿಸಿದರೆ, ಆದೇಶ ಕೈ ಸೇರಿದ 30 ದಿನದೊಳಗೆ ಪಾರದರ್ಶಕತೆ ಕಾಯ್ದೆಯ 16ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬಹುದು. ಕೆಲಸ ಸಿಕ್ಕಿತು ಅಂದರೆ, ಬಿಲ್ಲಿಗಾಗಿ ಇಲಾಖೆಯವರು ಅಳತೆ ಪುಸ್ತಕದಲ್ಲಿ ಬರೆಯುವಾಗ ನೀವೂ ಟೇಪಿನ ಒಂದು ತುದಿ ಹಿಡಿದು ನಿಲ್ಲಿ, ಅದರಲ್ಲೂ ಮಣ್ಣು ಮುಚ್ಚಿ ಹೋಗುವ ಪಾಯದ ಅಳತೆಗೆ. ಕಾಂಕ್ರೀಟ್ ಬಿದ್ದ ಮೇಲೆ ಅದನ್ನು ತೋರಿಸಲು ಆಗುವುದಿಲ್ಲ.