'ಚೆನ್ನಾಗಿದೆ ಸರ್' ಅಂದರೆ ನನಗೆ ಅಳುಕು

ಮೈಸೂರಿನಲ್ಲಿ ನನ್ನದೊಂದು ಸಣ್ಣ ಆರ್ಕಿಟೆಕ್ಟ್ ಆಫೀಸು. ನಾನು, ಇಬ್ಬರು ಜೂನಿಯರ್‌ಗಳು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರ್. ಮಾಡುವುದು ಹೆಚ್ಚಾಗಿ ಮನೆಗಳನ್ನೇ. ಇಷ್ಟು ವರ್ಷಗಳಲ್ಲಿ ಅತಿ ಹೆಚ್ಚು ಕೇಳಿಸಿಕೊಂಡ ಮಾತು 'ಚೆನ್ನಾಗಿದೆ ಸರ್'. ಪ್ಲ್ಯಾನ್ ಹಾಳೆ ಮೇಜಿನ ಮೇಲೆ ಹರಡಿ ಎರಡು ನಿಮಿಷ ಆಗಿರುವುದಿಲ್ಲ, ಈ ಮಾತು ಬಂದುಬಿಡುತ್ತದೆ. ಮೊದಲೆಲ್ಲ ಖುಷಿಯಾಗುತ್ತಿತ್ತು. ಈಗ ಅಳುಕಾಗುತ್ತದೆ. ಎದುರು ಕೂತವರಿಗೆ ಪ್ಲ್ಯಾನ್ ಓದಲು ಬರುವುದಿಲ್ಲ, ಹಾಗಂತ ಹೇಳಲು ಸಂಕೋಚ. ಅದಕ್ಕೇ ಚೆನ್ನಾಗಿದೆ ಅನ್ನುತ್ತಾರೆ.

ಕಳೆದ ಸಲ ಒಬ್ಬರು ನಿವೃತ್ತ ಬ್ಯಾಂಕ್ ನೌಕರರು ಬಂದಿದ್ದರು. 40-60 ಸೈಟು, ಪಶ್ಚಿಮಕ್ಕೆ ರಸ್ತೆ. ಮನೆಯಲ್ಲಿ ಅವರು, ಹೆಂಡತಿ, ಎಂಬತ್ತು ದಾಟಿದ ತಾಯಿ. ಮಗ ಹಬ್ಬಕ್ಕೆ ಬಂದುಹೋಗುವವನು. ಕೂತ ಕೂಡಲೇ ಫೋನ್ ತೆಗೆದು ಹನ್ನೆರಡು ಎಲಿವೇಷನ್ ಫೋಟೋ, ಅಂದರೆ ಮನೆಗಳ ಮುಂಭಾಗದ ಚಿತ್ರ, ತೋರಿಸಿದರು. 'ಹೀಗೆ ಬೂದು ಬಣ್ಣದ ಕಲ್ಲು ಬರಲಿ ಸರ್, ಮಧ್ಯ ಮರದ ಪಟ್ಟಿ.' ಎಲ್ಲ ನೋಡಿದೆ. 'ಫೋನ್ ಜೇಬಿಗೆ ಹಾಕಿಕೊಳ್ಳಿ, ಇದಕ್ಕೆ ಇನ್ನೂ ಎರಡು ತಿಂಗಳಿದೆ' ಅಂದೆ. ಮುಖ ಸ್ವಲ್ಪ ಸಣ್ಣದಾಯಿತು.

ಆ ಎರಡು ತಿಂಗಳಲ್ಲಿ ನಾನು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಒಟ್ಟು ರೂಪ ತೀರ್ಮಾನವಾಗುವ ಈ ಹಂತವನ್ನು ಅಮೆರಿಕದವರು ಸ್ಕೀಮ್ಯಾಟಿಕ್ ಡಿಸೈನ್ ಅನ್ನುತ್ತಾರೆ. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಇರುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದನ್ನು ಕಾನ್ಸೆಪ್ಟ್, ಪ್ರಿಲಿಮಿನರಿ ಅಂತ ಎರಡು ಹಂತ ಮಾಡಿದೆ. ಅದರ ಲೆಕ್ಕದಲ್ಲಿ ಮೊದಲನೆಯದಕ್ಕೆ ಒಟ್ಟು ಫೀಸಿನ ಶೇ. 10, ಎರಡನೆಯದು ಮುಗಿಯುವ ಹೊತ್ತಿಗೆ ಅದೂ ಸೇರಿ ಶೇ. 20. ನಮ್ಮ ಆಫೀಸಿನಲ್ಲಿ ಎರಡಕ್ಕೂ ಒಂದೇ ಹೆಸರು, 'ಸ್ಕೀಮು'. ಫೀಸು ಐದರಲ್ಲೊಂದು ಪಾಲು, ತಲೆಬಿಸಿ ಅರ್ಧಕ್ಕಿಂತ ಜಾಸ್ತಿ.

ಮೊದಲ ಕೆಲಸ ಅವರು ಈಗಿರುವ ಬಾಡಿಗೆ ಮನೆಗೆ ಹೋಗುವುದು. ಎಷ್ಟು ಬೆಡ್‌ರೂಮ್ ಬೇಕು ಅಂತ ನಾನು ಮೊದಲು ಕೇಳುವುದಿಲ್ಲ. ಬೆಳಿಗ್ಗೆ ಪೇಪರ್ ಎಲ್ಲಿ ಓದುತ್ತೀರಿ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ, ಖಾಲಿ ಸಿಲಿಂಡರ್ ಎಲ್ಲಿಡುತ್ತೀರಿ, ಗೌರಿ ಹಬ್ಬಕ್ಕೆ ಎಷ್ಟು ಜನ ಸೇರುತ್ತಾರೆ, ಹೀಗೆ. ನಾನು ಹೋಗಿದ್ದು ಡಿಸೆಂಬರ್‌ನಲ್ಲಿ. ಅಜ್ಜಿ ಅಡುಗೆಮನೆ ಬಾಗಿಲ ಹೊಸಿಲ ಪಕ್ಕ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಹೂವಿನವಳು ಬಂದಳು, ಕೊರಿಯರ್ ಹುಡುಗ ಬಂದ. ಎಲ್ಲರನ್ನೂ ಅಜ್ಜಿ ಅಲ್ಲಿಂದಲೇ ಮಾತಾಡಿಸಿ ಕಳಿಸಿದರು. ನಾನು ಅದನ್ನು ನೋಡಿದೆ, ಆದರೆ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಅದು ನನ್ನ ತಪ್ಪು. ಮುಂದೆ ಹೇಳುತ್ತೇನೆ.

ಎರಡನೆಯದು ಸೈಟು. ಪತ್ರದಲ್ಲಿ 40-60 ಅಂತ ಇದ್ದ ಮಾತ್ರಕ್ಕೆ ನೆಲದ ಮೇಲೆ ಹಾಗೇ ಇರಬೇಕು ಅಂತಿಲ್ಲ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ 72 ಅಡಿ ಒಂದು ಇಂಚಿಗಿಂತ ಚೂರು ಜಾಸ್ತಿ ಬರಬೇಕು, ಎರಡೂ ಕಡೆ ಒಂದೇ ಸಮ. ಇಲ್ಲಿ ಎರಡಕ್ಕೂ ಹದಿನಾಲ್ಕು ಇಂಚು ವ್ಯತ್ಯಾಸ. ಸೈಟು ಸೊಟ್ಟಗಿದೆ ಅಂತ ಆಗಲೇ ಗೊತ್ತಾಯಿತು. ಆಮೇಲೆ ಮೇಸ್ತ್ರಿಯ ನೀರು ತುಂಬಿದ ಲೆವೆಲ್ ಪೈಪು ಹಿಡಿದು ನೋಡಿದರೆ ರಸ್ತೆಗಿಂತ ಹಿಂಭಾಗ ಮೂರು ಅಡಿ ತಗ್ಗು. ಇದೆಲ್ಲ ಆದ ಮೇಲೆ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆಸಿದೆ.

ಈ ಮುಚ್ಚಳದ ಹಿಂದೆ ಒಂದು ಕಥೆಯಿದೆ. ಹೊಸದರಲ್ಲಿ ಒಂದು ಮನೆ ಮಾಡಿದ್ದೆ, ಅದೂ ಹಿಂದಕ್ಕೆ ಇಳಿಜಾರಿದ್ದ ಸೈಟೇ. ಚಂದವಾಗಿ ಸ್ಕೀಮು ಮಾಡಿ ಬಾತ್‌ರೂಮುಗಳನ್ನೆಲ್ಲ ಹಿಂದಕ್ಕೆ ಹಾಕಿದ್ದೆ. ಪಾಯ ಎದ್ದ ಮೇಲೆ ಪ್ಲಂಬರ್ ಬಂದು ಕೇಳಿದ, 'ಸರ್, ನೀರು ಹತ್ತಿಕೊಂಡು ಹೋಗುತ್ತಾ?' ನಾಲ್ಕಿಂಚಿನ ಪೈಪಿಗೆ ಅರವತ್ತು ಅಡಿಗೆ ಒಂದಡಿಯಾದರೂ ಇಳಿಜಾರು ಬೇಕು. ರಸ್ತೆಯ ಮ್ಯಾನ್‌ಹೋಲಿನ ತಳವೇ ನಮ್ಮ ಪೈಪಿಗಿಂತ ಮೇಲಿತ್ತು. ಕೊನೆಗೆ ಎರಡು ಬಾತ್‌ರೂಮುಗಳ ನೆಲವನ್ನು ಒಂಬತ್ತು ಇಂಚು ಎತ್ತರಿಸಿದೆವು. ಆ ಮನೆಯವರು ಇವತ್ತಿಗೂ ಸ್ನಾನಕ್ಕೆ ಹೋಗಬೇಕಾದರೆ ಮೆಟ್ಟಿಲು ಹತ್ತುತ್ತಾರೆ. ಮದುವೆಮನೆಗಳಲ್ಲಿ ಸಿಕ್ಕರೆ ನಗುತ್ತಲೇ ಅದನ್ನು ನೆನಪಿಸುತ್ತಾರೆ. ನಾನೂ ನಗುತ್ತೇನೆ, ಏನು ಮಾಡಲಿ.

ಅದಕ್ಕೇ ಈ ಸೈಟಿನಲ್ಲಿ ಪೆನ್ಸಿಲ್ ಹಿಡಿಯುವ ಮೊದಲೇ ಒಂದು ನಿರ್ಧಾರ ಆಗಿತ್ತು. ನೀರಿನ ಕೆಲಸ ಆದಷ್ಟೂ ಮನೆಯ ಮುಂದಿನ ಅರ್ಧದಲ್ಲಿ ಬರಬೇಕು.

ಬಿಸಿಲಿನ ವಿಷಯಕ್ಕೆ ಬಂದರೆ, ನಮ್ಮ ಊರಿನಲ್ಲಿ ದಕ್ಷಿಣದ ಬಿಸಿಲಿಗೆ ಹೆದರುವವರೇ ಜಾಸ್ತಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಇಲ್ಲಿ ಉತ್ತರಕ್ಕೇ ವಾಲಿರುತ್ತಾನೆ. ಅಷ್ಟು ಎತ್ತರದ ಸೂರ್ಯನಿಗೆ ಎರಡಡಿ ಸಜ್ಜಾ ಸಾಕು. ಕಾಟ ಕೊಡುವುದು ಪಶ್ಚಿಮ. ಸಂಜೆ ನಾಲ್ಕೂವರೆ, ಐದಕ್ಕೆ ಬಿಸಿಲು ಓರೆಯಾಗಿ ಸಜ್ಜಾದ ಕೆಳಗಿಂದಲೇ ನುಗ್ಗುತ್ತದೆ. ಗೋಡೆ ಕಾದು ರಾತ್ರಿ ಹನ್ನೊಂದರವರೆಗೆ ಬಿಸಿ ಬಿಡುತ್ತಿರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಮುಂದೆ ದೊಡ್ಡ ಗಾಜು ಕೇಳಿದರೆ ನಾನು ಅಲ್ಲೇ ಬೇಡ ಅನ್ನುತ್ತೇನೆ. ಇಲ್ಲಿ ಹಾಲ್‌ನ ಪಶ್ಚಿಮ ಗೋಡೆಗೆ ಪೋರ್ಟಿಕೋ ನೆರಳು ಕೊಟ್ಟಿತು. ನೈಋತ್ಯದ ಬೆಡ್‌ರೂಮಿಗೆ ಪಶ್ಚಿಮ ಗೋಡೆಯುದ್ದಕ್ಕೂ ವಾರ್ಡ್‌ರೋಬ್.

ವಾಸ್ತು ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಂಬುತ್ತೀರಾ ಅಂತ ನನ್ನನ್ನು ಕೇಳಬೇಡಿ, ನಿಮ್ಮ ವಾಸ್ತುವಿನವರು ಯಾರು ಅಂತ ಹೇಳಿ, ಮೊದಲ ವಾರವೇ ಕರೆತನ್ನಿ ಅನ್ನುತ್ತೇನೆ. ಆಗ್ನೇಯದಲ್ಲಿ ಅಡುಗೆ, ಈಶಾನ್ಯದಲ್ಲಿ ದೇವರು ಮತ್ತು ಸಂಪು, ವಾಸ್ತುವಿನ ಅಳತೆ ಲೆಕ್ಕವಾದ ಆಯಕ್ಕೆ ಮೂರು ಇಂಚು ಆಚೀಚೆ, ಇವೆಲ್ಲ ಸ್ಕೀಮಿನಲ್ಲಿ ಸುಲಭ. ಗೃಹಪ್ರವೇಶಕ್ಕೆ ತಿಂಗಳಿರುವಾಗ ಭಾವಮೈದ ಒಬ್ಬರನ್ನು ಕರೆತಂದು ಬಾಗಿಲು ಸರಿಸಿ ಅನ್ನಿಸಿದರೆ ಕಷ್ಟ.

ಇನ್ನು ದುಡ್ಡು. ಬಹಳ ಜನ ಆರ್ಕಿಟೆಕ್ಟ್‌ಗಳು ಇದನ್ನು ಮುಂದಕ್ಕೆ ತಳ್ಳುತ್ತಾರೆ. ನನಗದು ಸರಿ ಕಾಣುವುದಿಲ್ಲ. ಕಾನ್ಸೆಪ್ಟ್ ಜೊತೆಗೇ ವಿಸ್ತೀರ್ಣದ ಮೇಲೆ ಒಂದು ಅಂದಾಜು ಖರ್ಚು ಕೊಡಬೇಕು ಅಂತ ಕೌನ್ಸಿಲ್‌ನವರು ಬರೆದೇ ಇಟ್ಟಿದ್ದಾರೆ. ನಮ್ಮವರ ತಲೆಯಲ್ಲಿ 14 ಚದರ ಇತ್ತು, ಒಂದು ಚದರ ಅಂದರೆ ನೂರು ಚದರಡಿ. ಚದರಕ್ಕೆ ಎರಡೂವರೆ ಲಕ್ಷ ಅಂತ ಒಬ್ಬ ಕಂಟ್ರಾಕ್ಟರ್ ಹೇಳಿದ್ದನಂತೆ, 35 ಲಕ್ಷ ಎತ್ತಿಟ್ಟಿದ್ದರು. ಅವರು ಕೊಟ್ಟ ಪಟ್ಟಿಯನ್ನು ಅವರ ಎದುರೇ ಕೂಡಿಸಿದೆ. ಹಾಲ್ 14-18, ಮೂರು ಬೆಡ್‌ರೂಮ್ 12-13, ಅಡುಗೆ, ಊಟ, ಓದುವ ಕೋಣೆ, ದೇವರು, ಸ್ಟೋರು, ಯುಟಿಲಿಟಿ, ಮೂರು ಬಾತ್‌ರೂಮ್. ಬರೀ ಕೋಣೆಗಳ ಒಳಗಿನ ಜಾಗವೇ 1,296 ಚದರಡಿ ಆಯಿತು. 'ನೋಡಿ, 13 ಚದರ, ಇನ್ನೂ ಒಂದು ಉಳಿದಿದೆ' ಅಂದರು ಅವರು. ಗೋಡೆ ಎಲ್ಲಿ ನಿಲ್ಲುತ್ತೆ, ಮೆಟ್ಟಿಲು ಎಲ್ಲಿ ಬರುತ್ತೆ, ಓಡಾಡುವ ಜಾಗ ಯಾವುದು ಅಂತ ಕೇಳಿದೆ. ಅದಕ್ಕೆಲ್ಲ ನಾನು ಶೇ. 30 ಸೇರಿಸುತ್ತೇನೆ. 17 ಚದರದ ಹತ್ತಿರ ಬಂತು.

ಮುಖ ನೋಡಿದರೆ ಗೊತ್ತಾಗುತ್ತದೆ, ಆರ್ಕಿಟೆಕ್ಟ್ ಫೀಸು ಏರಿಸಲು ಮನೆ ಏರಿಸುತ್ತಿದ್ದಾನೆ ಅನ್ನುವ ಅನುಮಾನ. ಮತ್ತೆ ಅವರ ಬಾಡಿಗೆ ಮನೆಗೇ ಹೋದೆವು. ಟೇಪಿನ ಒಂದು ತುದಿ ಅವರ ಕೈಗೆ ಕೊಟ್ಟು ಪ್ರತಿ ಕೋಣೆ ಅಳೆಸಿದೆ, ಆಮೇಲೆ ಹೊರಗಿನಿಂದ ಇಡೀ ಮನೆ. ಎರಡಕ್ಕೂ ಇದ್ದ ವ್ಯತ್ಯಾಸವನ್ನು ಅವರೇ ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ನೋಡಿದರು. ಬ್ಯಾಂಕಿನವರಲ್ಲವೇ, ಅಂಕಿ ಕಂಡರೆ ಸಾಕು. ಹಿಂದಿರುಗುವಾಗ ಸ್ಕೂಟರ್ ಮೇಲೆ ಅವರೇ ಹೇಳಿದರು, 'ಓದುವ ಕೋಣೆ ಬಿಟ್ಟುಬಿಡೋಣ ಸರ್, ನಾನೇನು ಐಎಎಸ್ ಓದಬೇಕಾ?' ಸ್ಟೋರು ಮೆಟ್ಟಿಲ ಕೆಳಗೆ ಹೋಯಿತು. ಮಗನ ಕೋಣೆ ಚಿಕ್ಕದಾಯಿತು. 15 ಚದರಕ್ಕೆ ನಿಂತೆವು. ಕಾಂಪೌಂಡು, ಗೇಟು, ಸಂಪು ಇದರಲ್ಲಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ.

ಮಣ್ಣು ನೋಡಲು ಒಂದು ಗುಂಡಿ ತೋಡಿಸಿದೆವು, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಒಮ್ಮೆ ಹಾಳೆ ತೋರಿಸಿದೆವು, ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದ ಗೆರೆಗಳನ್ನು ಕೆಂಪಿನಲ್ಲಿ ಹಾಕಿದೆವು. ಇವೆಲ್ಲ ಮಾಮೂಲು.

ಡ್ರಾಯಿಂಗ್ ಶುರುವಾದದ್ದು ಇಷ್ಟಾದ ಮೇಲೆ. ಬಟರ್ ಪೇಪರ್ ಮೇಲೆ ಕೈಯಲ್ಲೇ ಗೀಚುತ್ತೇನೆ. ಕಂಪ್ಯೂಟರಿನಲ್ಲಿ ಗೆರೆ ನೆಟ್ಟಗೆ ಬಂದ ಕೂಡಲೇ ಎಲ್ಲ ಮುಗಿದಂತೆ ಕಾಣುತ್ತದೆ, ಬದಲಾಯಿಸಲು ಮನೆಯವರೂ ಹೆದರುತ್ತಾರೆ, ಜೂನಿಯರ್‌ಗಳೂ ಹೆದರುತ್ತಾರೆ. ಮೊದಲು ಜಾಗ ತಿನ್ನುವುದು ಮೆಟ್ಟಿಲು. ಹತ್ತಡಿ ಎತ್ತರಕ್ಕೆ 18 ಮೆಟ್ಟಿಲು ಅಂದರೆ ಒಂದೊಂದು ಆರೂಮುಕ್ಕಾಲು ಇಂಚಿಗೆ ಹತ್ತಿರ. ಎರಡು ಮಡಿಕೆ ಮಾಡಿದರೆ ನಿಲ್ಲುವ ಜಾಗಗಳೂ ಸೇರಿ ಸುಮಾರು ಹದಿಮೂರು ಅಡಿ ಉದ್ದ, ಆರೂವರೆ ಅಡಿ ಅಗಲ. ಅದನ್ನು ಕತ್ತರಿಸಿ ಇಟ್ಟುಕೊಂಡು ಪ್ಲ್ಯಾನ್ ಮೇಲೆ ಚೌಕಾಬಾರದ ಕಾಯಿಯ ಹಾಗೆ ಆಡಿಸುತ್ತೇನೆ. ಎಲ್ಲಿ ಕೂತರೂ ಏನೋ ಒಂದನ್ನು ತಿನ್ನುತ್ತದೆ.

ಮೂರು ಸ್ಕೀಮು ಮಾಡಿದೆ. ಮೂರೂ ಕಟ್ಟಬಹುದಾದವೇ. ಹಿಂದೆ ನಾನೂ ಆ ಕಳ್ಳಾಟ ಆಡಿದ್ದೇನೆ, ಒಂದು ಒಳ್ಳೇದು, ಜೊತೆಗೆ ಲೆಕ್ಕಕ್ಕೆ ಎರಡು. ಒಮ್ಮೆ ಮನೆಯವರು ಲೆಕ್ಕಕ್ಕಿಟ್ಟದ್ದನ್ನೇ ಆರಿಸಿಬಿಟ್ಟರು. ಅದನ್ನೇ ಕಟ್ಟಿಸಬೇಕಾಯಿತು.

3ಡಿ ತೋರಿಸಲಿಲ್ಲ. ಜೂನಿಯರ್ ಹುಡುಗಿಗೆ ಕೈ ತುರಿಸುತ್ತಿತ್ತು, ಒಂದು ರಾತ್ರಿಯಲ್ಲಿ ಮಾಡುತ್ತೇನೆ ಸರ್ ಅಂದಳು. ಬೇಡ ಅಂದೆ. ಬಣ್ಣದ ಚಿತ್ರ ಕಂಡ ಮೇಲೆ ಪ್ಲ್ಯಾನ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬದಲಿಗೆ ಮೌಂಟ್ ಬೋರ್ಡಿನಲ್ಲಿ ಬಿಳೀ ಮಾಡೆಲ್ ಮಾಡಿದೆವು, ಮೇಲಿನ ಮಹಡಿ ಎತ್ತಿಡಬಹುದು. ಎರಡನೇ ಸ್ಕೀಮನ್ನು ಎಲ್ಲರೂ ಒಪ್ಪಿದರು. ಮೆಟ್ಟಿಲು ಹಾಲ್‌ಗೂ ಡೈನಿಂಗ್‌ಗೂ ನಡುವೆ, ಮಾಡೆಲ್‌ನಲ್ಲಿ ಬಹಳ ಚಂದ ಕಾಣುತ್ತಿತ್ತು. 'ಚೆನ್ನಾಗಿದೆ ಸರ್.'

ಅಳುಕು ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಮೇಸ್ತ್ರಿಯನ್ನು ಕರೆದುಕೊಂಡು ಸೈಟಿಗೆ ಹೋಗಿ, ಸುಣ್ಣದ ಪುಡಿಯಲ್ಲಿ ಕೆಳಗಿನ ಮನೆಯನ್ನು ಪೂರ್ತಿ ಅಳತೆಗೆ ಹಾಕಿಸಿದೆ. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಖಾಲಿ ಜಾಗ. ಮೆಟ್ಟಿಲು ಬರುವ ಕಡೆ ಆಳೆತ್ತರಕ್ಕೆ ಎರಡು ಗಳ ನಿಲ್ಲಿಸಿ ಹಳೇ ಬ್ಯಾನರ್ ಕಟ್ಟಿಸಿದೆ. ಮನೆಯವರೆಲ್ಲ ಬಂದರು. ಯಜಮಾನರು ಗೆರೆ ತುಳಿಯದೆ ಬಾಗಿಲಿನಿಂದಲೇ ಒಳಗೆ ಹೋದರು, ನಗು ಬಂತು. ಮೇಡಂ ಅಡುಗೆಮನೆಯಲ್ಲಿ ನಿಂತು ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಡ್ಜಿಗೆ ಓಡಾಡಿ ನೋಡಿದರು. ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ ತಂದಿದ್ದೆವು. ಅವರು ಅದನ್ನು ತಾವೇ ಎಳೆಸಿಕೊಂಡು ಹೋಗಿ ಅಡುಗೆಮನೆ ಬಾಗಿಲ ಹತ್ತಿರ ಹಾಕಿಸಿ ಕೂತರು. ಸ್ವಲ್ಪ ಹೊತ್ತು ಕತ್ತು ಅತ್ತಿತ್ತ ಮಾಡಿದರು.

'ಇಲ್ಲಿಂದ ಗೇಟೇ ಕಾಣಲ್ವಲ್ಲಪ್ಪಾ' ಅಂದರು.

ಬ್ಯಾನರ್ ಅಡ್ಡ ಇತ್ತು. ಯಜಮಾನರು, 'ಅಮ್ಮಾ, ಬೆಲ್ ಇರುತ್ತೆ, ಕ್ಯಾಮೆರಾನೂ ಹಾಕಿಸ್ತೀನಿ ಸುಮ್ನಿರು' ಅಂದರು. ಅಜ್ಜಿ ಸುಮ್ಮನಾದರು. ನನಗೆ ಡಿಸೆಂಬರಿನ ಆ ಮಣೆ, ಅವರೆಕಾಯಿ, ಹೂವಿನವಳು ಎಲ್ಲ ಒಟ್ಟಿಗೆ ನೆನಪಾಯಿತು. ಕಣ್ಣಾರೆ ಕಂಡೂ ಪಟ್ಟಿಗೆ ಸೇರಿಸದೆ ಇದ್ದವನು ನಾನು. 'ಇಲ್ಲ ಅಮ್ಮ, ಅದು ಆಗಬೇಕು, ಒಂದು ವಾರ ಕೊಡಿ' ಅಂದೆ.

ಮೆಟ್ಟಿಲನ್ನು ದಕ್ಷಿಣದ ಗೋಡೆಗೆ ಒತ್ತಿದೆ, ನೈಋತ್ಯದ ಬೆಡ್‌ರೂಮಿಗೂ ಆಗ್ನೇಯದ ಅಡುಗೆಮನೆಗೂ ನಡುವೆ. ಅಡುಗೆಮನೆ ಬಾಗಿಲಿನಿಂದ ಡೈನಿಂಗ್, ಹಾಲ್ ದಾಟಿ ಮುಂಬಾಗಿಲಿನವರೆಗೆ ಓರೆಯಾಗಿ ನೋಟ ಬಿಚ್ಚಿಕೊಂಡಿತು. ಮಾಡೆಲ್‌ನಲ್ಲಿ ಚಂದ ಕಾಣುತ್ತಿದ್ದ ಮೆಟ್ಟಿಲು ಮೂಲೆ ಸೇರಿತು, ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಆದರೆ ಗಾಳಿ ಸಲೀಸಾಗಿ ಹರಿಯುವ ಹಾಗಾಯಿತು, ಓಡಾಡುವ ಜಾಗವೂ ಚೂರು ಉಳಿಯಿತು.

ಸ್ಕೀಮು ಮುಗಿಸುವಾಗ ಪ್ಲ್ಯಾನ್, ಮನೆಯನ್ನು ನಿಲುವಾಗಿ ಸೀಳಿದಂತೆ ತೋರಿಸುವ ಒಂದು ಸೆಕ್ಷನ್, ವಿಸ್ತೀರ್ಣದ ಪಟ್ಟಿ, ಅಂದಾಜು ಖರ್ಚು ಇಷ್ಟರ ಜೊತೆ ಒಂದು ಹಾಳೆ ಕನ್ನಡದಲ್ಲಿ ಬರೆದುಕೊಡುತ್ತೇನೆ. ಏನೇನು ತೀರ್ಮಾನ ಆಯಿತು, ಏನು ಇನ್ನೂ ಆಗಿಲ್ಲ, ಯಾವುದನ್ನು ಇನ್ನು ಮೇಲೆ ಬದಲಾಯಿಸಿದರೆ ದುಡ್ಡು ಬೀಳುತ್ತದೆ. ಅದಕ್ಕೆ ಇಬ್ಬರೂ ಸಹಿ ಹಾಕುತ್ತೇವೆ. ಆ ಹಾಳೆಯ ನಾಲ್ಕನೇ ಸಾಲು ಹೀಗಿತ್ತು: 'ಅಡುಗೆಮನೆ ಬಾಗಿಲಲ್ಲಿ ಮಣೆ ಮೇಲೆ ಕೂತರೆ ಗೇಟು ಕಾಣಬೇಕು.'

ಮೂರು ತಿಂಗಳಾದ ಮೇಲೆ, ಕಟ್ಟುವವರಿಗೆ ಕೊಡುವ ವರ್ಕಿಂಗ್ ಡ್ರಾಯಿಂಗ್ ನೋಡುತ್ತಿದ್ದೆ. ಹಾಲ್‌ನಲ್ಲಿ ಮುಂಬಾಗಿಲ ಪಕ್ಕ ಜೂನಿಯರ್ ಐದಡಿ ಎತ್ತರದ ಚಪ್ಪಲಿ ಬೀರು ಹಾಕಿದ್ದಳು. ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬೀರುವನ್ನು ಪೋರ್ಟಿಕೋಗೆ ಸಾಗಿಸಿದಳು.