ಮಕ್ಕಳ ಕಥೆ ಕ್ಯಾಸೆಟ್‌ಗಳನ್ನು ಡಿಜಿಟಲ್‌ಗೆ ಇಳಿಸುವುದು: ಮೊದಲು ಪ್ಯಾಡ್, ಆಮೇಲೆ ಅಜಿಮತ್, ಕೊನೆಗೆ ಕಂಪ್ಯೂಟರ್

ಕಥೆ, ಶಿಶುಗೀತೆಗಳ ಹಳೆಯ ಕ್ಯಾಸೆಟ್ ಕೈಗೆ ಬಂದ ತಕ್ಷಣ ಡೆಕ್‌ಗೆ ಹಾಕಿ ಪ್ಲೇ ಒತ್ತುವುದಿಲ್ಲ. ಮೊದಲು ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ನೋಡುತ್ತೇನೆ. ಅವು ಇನ್ನೂ ಇದ್ದರೆ ಎರಡನ್ನೂ ಮುರಿದು ತೆಗೆಯುತ್ತೇನೆ. ಯಾರೋ ಅಲ್ಲಿ ಅಂಟುಪಟ್ಟಿ ಹಚ್ಚಿದ್ದರೆ ಅದನ್ನೂ ಕೀಳುತ್ತೇನೆ. ರೆಕಾರ್ಡ್ ಗುಂಡಿ ಅಪ್ಪಿತಪ್ಪಿ ಒತ್ತಿದರೂ ಕಥೆ ಅಳಿಸಿಹೋಗದಂತೆ ಇದೇ ಕಾಪು. ಆಮೇಲೆ ಕಿಟಕಿಯಲ್ಲಿ ಕಾಣುವ ಸುರುಳಿಯ ಅಂಚು. ಅಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಸ್ಟು. ಅಂಥದ್ದನ್ನು ಪ್ಲೇ ಮಾಡಿದರೆ ಪುಡಿ ಟೇಪನ್ನು ಓದುವ ಹೆಡ್‌ಗೂ ರೋಲರ್‌ಗೂ ಹತ್ತಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿಟ್ಟು, ಮಾಸ್ಕ್ ಹಾಕಿಕೊಂಡು, ಹೊರಗೆ ಬಯಲಲ್ಲಿ ಬಿಚ್ಚಿ ಒರೆಸುವುದೇ ಸರಿ.

ಇನ್ನು ಫೆಲ್ಟ್ ಪ್ಯಾಡ್. ಟೇಪು ಹೊರಗೆ ಕಾಣುವ ತೆರಪಿನ ನಡುವೆ, ಟೇಪಿನ ಹಿಂದೆ, ತೆಳು ಲೋಹದ ಪಟ್ಟಿಯ ಮೇಲೆ ಅಂಟಿಸಿದ ಚಿಕ್ಕ ತುಂಡು ಇದು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಇದರ ಕೆಲಸ. ವರ್ಷಗಳಾದಂತೆ ಅಂಟು ಒಣಗಿ ಪ್ಯಾಡ್ ಉದುರುತ್ತದೆ. ಆಗ ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ, ಏರಿಳಿಯುತ್ತದೆ. ‘ಟೇಪು ಹಾಳಾಗಿದೆ’ ಎಂದು ಎಸೆಯಲು ಹೊರಟ ಕ್ಯಾಸೆಟ್‌ಗಳಲ್ಲಿ ಎಷ್ಟೋ ಬಾರಿ ಹೋಗಿರುವುದು ಈ ಪ್ಯಾಡ್ ಒಂದೇ. ಪ್ಯಾಡನ್ನು ಮಾತ್ರ ಅಂಟಿಸಲು ಹೋಗಬೇಡಿ, ಅಂಟು ಫೆಲ್ಟಿನೊಳಗೆ ಇಳಿದರೆ ಅದು ಗಟ್ಟಿಯಾಗಿ ಟೇಪನ್ನು ಗೀಚುತ್ತದೆ. ಬೇಡವಾದ ಇನ್ನೊಂದು ಕ್ಯಾಸೆಟ್‌ನಿಂದ ಪಟ್ಟಿಯ ಸಮೇತ ತೆಗೆದು ಕೂರಿಸಿ.

ಅದಕ್ಕೆ ಕ್ಯಾಸೆಟ್ ಬಿಚ್ಚಬೇಕು. ಐದು ಸ್ಕ್ರೂ ಇರುವ ಡಬ್ಬಿಯಾದರೆ ಸುಲಭ: ಮೇಜಿನ ಮೇಲೆ ಮಟ್ಟಸವಾಗಿಟ್ಟು, ಸ್ಕ್ರೂ ತೆಗೆದು, ಮೇಲಿನ ಅರ್ಧವನ್ನು ನೆಟ್ಟಗೆ ಮೇಲಕ್ಕೆ ಎತ್ತುವುದು. ಒಳಗೆ ಎರಡು ಜಾರುಹಾಳೆ, ಮೂಲೆಗಳಲ್ಲಿ ಎರಡು ಪುಟ್ಟ ರೋಲರ್, ಪ್ಯಾಡಿನ ಹಿಂದೆ ಒಂದು ಲೋಹದ ತಗಡು ಇರುತ್ತವೆ. ಏನನ್ನೂ ಮುಟ್ಟುವ ಮೊದಲು ಟೇಪು ಯಾವುದರ ಹೊರಗೆ, ಯಾವುದರ ಒಳಗೆ ಹಾದಿದೆ ಎಂದು ಒಂದು ಫೋಟೊ ತೆಗೆದುಕೊಳ್ಳಿ. ಮಕ್ಕಳ ಕ್ಯಾಸೆಟ್‌ಗಳ ತೊಡಕು ಎಂದರೆ, ಅವುಗಳಲ್ಲಿ ಹಲವು ಸ್ಕ್ರೂ ಇಲ್ಲದೆ ಕಾಯಿಸಿ ಬೆಸೆದವು. ಅವನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಟೇಪಿನ ತೆರಪಿಗೆ ದೂರದ ಮೂಲೆಯಿಂದ ಆರಂಭಿಸಿ ಜೋಡಣೆಯ ಗೆರೆಯಲ್ಲಿ ತೆಳು ಬ್ಲೇಡ್ ನಿಧಾನವಾಗಿ ಓಡಿಸಿ ಬಿಡಿಸುತ್ತೇನೆ. ಎರಡೂ ಸುರುಳಿಗಳನ್ನು ನಡುವಿನ ಗಾಲಿಗಳ ಸಮೇತ ಒಟ್ಟಿಗೆ ಎತ್ತಿ, ಸ್ಕ್ರೂ ಇರುವ ಬೇರೆ ಡಬ್ಬಿಗೆ ವರ್ಗಾಯಿಸುತ್ತೇನೆ. ಡಬ್ಬಿ ಬಿಸಿಲಿಗೆ ಸೊಟ್ಟಗಾಗಿದ್ದರೂ ಇದೇ ಮದ್ದು. ಕಥೆಯ ಹಿಂದೆ ಸಣ್ಣಗೆ ತಿರುಗುಮುರುಗಾದ ಮಾತು ಕೇಳಿಸಿದರೆ ಅದು ಇನ್ನೊಂದು ಬದಿಯ ಸದ್ದು: ಹೆಡ್ಡಿನ ಎತ್ತರ ತಪ್ಪಿರಬಹುದು, ಇಲ್ಲವೆ ಡಬ್ಬಿ ಸೊಟ್ಟಗಾಗಿ ಟೇಪು ಪಕ್ಕಕ್ಕೆ ಸರಿದಿರಬಹುದು.

ಯಂತ್ರ ಅಗಿದು ಸುಕ್ಕಾದ ಟೇಪನ್ನು ಕತ್ತರಿಸಿ ಎಸೆಯುವ ರೂಢಿ ಇದೆ. ನಾನು ಕತ್ತರಿಸುವುದಿಲ್ಲ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ಐದು ಸೆಂ.ಮೀ. ಸುಕ್ಕು ಎಂದರೆ ಒಂದು ಸೆಕೆಂಡು ಮಂಕಾದ ದನಿ, ಕಿವಿಗೆ ಅರ್ಥವಾಗುತ್ತದೆ. ಕತ್ತರಿಸಿದರೆ ಎರಡು ಮೂರು ಪದ ಶಾಶ್ವತವಾಗಿ ಹೋದವು. ಮೆತ್ತನೆಯ ಬಟ್ಟೆಯ ನಡುವೆ ಬೆರಳಿನಿಂದ ನೀವಿ ಸಪಾಟು ಮಾಡಿದರೆ ಸಾಕು. ಪೂರ್ತಿ ತುಂಡಾಗಿದ್ದರೆ ಮಾತ್ರ ಜೋಡಣೆ: ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು 45 ಡಿಗ್ರಿ ಓರೆಯಾಗಿ ಕತ್ತರಿಸಿ, ನಡುವೆ ಸಂದು ಬಿಡದೆ ಒಂದಕ್ಕೊಂದು ತಾಗಿಸಿ, ಹೆಡ್‌ಗೆ ತಾಗದ ಒಳಮೈ ಮೇಲೆ ಸ್ಪ್ಲೈಸಿಂಗ್ ಟೇಪು ಹಚ್ಚಿ ಉಗುರಿನಿಂದ ಉಜ್ಜಬೇಕು. ಕ್ಯಾಸೆಟ್ ಟೇಪಿನ ಅಗಲ 3.81 ಮಿ.ಮೀ., ಪಟ್ಟಿ ಅದಕ್ಕಿಂತ ಹೊರಗೆ ಚಾಚಬಾರದು. ಮನೆಯ ಸೆಲೋಟೇಪು ಖಂಡಿತ ಬೇಡ. ಅದರ ಅಂಟು ಅಂಚಿನಿಂದ ಒಸರಿ ಮೇಲಿನ ಸುತ್ತನ್ನೂ ಕೆಳಗಿನ ಸುತ್ತನ್ನೂ ಹಿಡಿದುಕೊಳ್ಳುತ್ತದೆ.

ಡೆಕ್ಕಿನ ಶುಚಿ ಐದು ನಿಮಿಷದ ಕೆಲಸ. ಹೆಡ್ಡು ಮತ್ತು ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಕಂದು ಕಲೆ ಬರುವುದು ನಿಲ್ಲುವವರೆಗೆ ಒರೆಸುವುದು. ಟೇಪನ್ನು ಆ ಕಡ್ಡಿಗೆ ಒತ್ತುವ ರಬ್ಬರಿನ ಪಿಂಚ್ ರೋಲರ್‌ಗೆ ತೆಳು ಸೋಪಿನ ನೀರು ಸಾಕು. ಟೇಪನ್ನು ಅಗಿಯುವ ಡೆಕ್ಕಿನಲ್ಲಿ ನಾನು ಮೊದಲು ಅನುಮಾನಿಸುವುದು ಈ ರೋಲರನ್ನೇ. ಹೋದರೂ ಪರವಾಗಿಲ್ಲ ಎನ್ನುವ ಒಂದು ಕ್ಯಾಸೆಟ್ಟನ್ನು ಪೂರ್ತಿ ಓಡಿಸಿ ನೋಡಿದ ಮೇಲೆ ಅಸಲಿಯನ್ನು ಹಾಕಿ. ಅಸಲಿಯನ್ನೂ ಮೊದಲು ಕೊನೆಯವರೆಗೆ ಸುತ್ತಿ ಹಿಂದಕ್ಕೆ ತನ್ನಿ, ಎರಡು ಸಲ. ಅಂಟಿಕೊಂಡ ಸುತ್ತುಗಳು ಬಿಡುತ್ತವೆ, ಬಿಗಿ ಸಮವಾಗುತ್ತದೆ, ಕಿರುಗುಡುವ ಕ್ಯಾಸೆಟ್ ಇದರಿಂದಲೇ ಸುಮ್ಮನಾಗುವುದೂ ಉಂಟು. ಕಥೆಗಾರರು ಜೋರಾಗಿ ಕೂಗುವುದಕ್ಕೆ ಸುಮಾರು ಒಂದೂವರೆಯಿಂದ ಮೂರು ಸೆಕೆಂಡು ಮೊದಲೇ ಅದೇ ಕೂಗು ಕ್ಷೀಣವಾಗಿ ಕೇಳಿಸುತ್ತದಲ್ಲ, ಅದು ಪಕ್ಕದ ಸುತ್ತಿನ ಕಾಂತೀಯ ಅಚ್ಚು. ಸುತ್ತಿ ಬಿಚ್ಚಿದರೆ ಅದೂ ಸ್ವಲ್ಪ ತಗ್ಗುತ್ತದೆ.

ವೇಗಕ್ಕೆ 3,150 ಹರ್ಟ್ಜ್ ಸ್ವರವಿರುವ ಪರೀಕ್ಷಾ ಟೇಪು ಬೇಕು. ಅದು 3,240 ಎಂದು ಓದಿದರೆ ಡೆಕ್ ಸುಮಾರು 3 ಶೇಕಡಾ ವೇಗವಾಗಿದೆ, ಹಾಡು ಹತ್ತಿರಹತ್ತಿರ ಕಾಲು ಸ್ವರ ಮೇಲೇರುತ್ತದೆ. ಮಾತಿನಲ್ಲಿ ಇದು ಗೊತ್ತಾಗುವುದಿಲ್ಲ, ಹಾಡಿಗೆ ಹಾರ್ಮೋನಿಯಂ ಜೊತೆಗಿಟ್ಟರೆ ತಕ್ಷಣ ಬಯಲಾಗುತ್ತದೆ. ಹಲವು ಡೆಕ್ಕುಗಳಲ್ಲಿ ಮೋಟಾರಿನ ಹಿಂದಿನ ರಂಧ್ರದೊಳಗೆ ತಿರುಗಿಸುವ ಸ್ಕ್ರೂ ಇರುತ್ತದೆ. ವೇಗ ಸ್ಥಿರವಾಗಿ ನಿಲ್ಲದೆ ಅಲೆಯುತ್ತಿದ್ದರೆ ತಪ್ಪು ಹೆಚ್ಚಾಗಿ ಬೆಲ್ಟಿನದು, ಸ್ಕ್ರೂ ತಿರುಗಿಸಿ ಫಲವಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೊಡುವುದು ಅಜಿಮತ್‌ಗೆ, ಅಂದರೆ ಹೆಡ್ಡಿನ ಓರೆಗೆ. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಸ್ವರಗಳು ಸಾಯುತ್ತವೆ. ಆ ಕ್ಯಾಸೆಟ್ಟನ್ನು ನಕಲು ಮಾಡಿದ ಯಂತ್ರದ ಓರೆ ಎಷ್ಟಿತ್ತೋ ಅಷ್ಟೇ ಓರೆಗೆ ನಮ್ಮ ಹೆಡ್ಡು ಬರಬೇಕು. ಆದ್ದರಿಂದ ಪ್ರತಿ ಕ್ಯಾಸೆಟ್ಟಿಗೂ, ಕೆಲವೊಮ್ಮೆ ಎ ಬದಿಗೂ ಬಿ ಬದಿಗೂ ಬೇರೆ ಬೇರೆ ಹೊಂದಿಸಬೇಕಾಗುತ್ತದೆ. ಹೆಡ್ಡಿನ ಪಕ್ಕದ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದನ್ನು ಹಿಡಿಯಿರಿ. ಈಗಿರುವ ಸ್ಥಾನಕ್ಕೆ ಮಾರ್ಕರಿನಿಂದ ಗುರುತು ಹಾಕಿ. ಟೇಪಿನ ಸುಯ್ ಸದ್ದನ್ನು (ಹಿಸ್) ತಗ್ಗಿಸುವ ಡಾಲ್ಬಿಯನ್ನು ಆಫ್ ಮಾಡಿ, ಎಡ ಬಲ ಎರಡೂ ಕೂಡಿ ಮೊನೊ ಆಗಿ ಕೇಳುವಂತೆ ಮಾಡಿ, ಕಥೆ ಓಡುತ್ತಿರುವಾಗಲೇ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಅತ್ತಿತ್ತ ತಿರುಗಿಸಿ. ಸ, ಶ, ಚ ಅಕ್ಷರಗಳು ಚುರುಕಾಗಿ, ಬಿಡಿಬಿಡಿಯಾಗಿ ಕೇಳುವ ಜಾಗವೇ ಸರಿಯಾದ ಜಾಗ. ಸಂಗೀತಕ್ಕಿಂತ ನಿರೂಪಕರ ಮಾತು ಈ ಪರೀಕ್ಷೆಗೆ ಒಳ್ಳೆಯದು. ಕಥೆ ಮೊನೊದಲ್ಲಿದ್ದರೆ ಇನ್ನೂ ಖಚಿತ ದಾರಿಯಿದೆ: ಅರ್ಧ ನಿಮಿಷ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ, ಒಂದು ಚಾನೆಲನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿ. ಉಳಿಯುವ ದನಿ ಎಲ್ಲಿ ಅತಿ ಕಡಿಮೆಯೋ ಅಲ್ಲಿ ಹೆಡ್ಡು ನೆಟ್ಟಗಿದೆ. ಡಾಲ್ಬಿ ಬಿ ಗುರುತಿರುವ ಕ್ಯಾಸೆಟ್ಟಿಗೆ ಡಾಲ್ಬಿ ಹಾಕುವುದು ಇದಾದ ಮೇಲೇ. ಮೊದಲೇ ಮಂಕಾದ ದನಿಯನ್ನು ಅದು ಇನ್ನಷ್ಟು ಮಂಕು ಮಾಡುತ್ತದೆ.

ಇಲ್ಲಿಂದ ಮುಂದೆ ಸಲೀಸು. ಡೆಕ್ಕಿನ ಲೈನ್ ಔಟ್‌ನಿಂದ ಸೌಂಡ್ ಇಂಟರ್‌ಫೇಸಿನ ಲೈನ್ ಇನ್‌ಗೆ, ಮೈಕ್ ತೂತಿಗೆ ಅಲ್ಲ. 24 ಬಿಟ್, 48 ಕಿಲೋಹರ್ಟ್ಜ್, ವೇವ್ ಫೈಲು. ಅತಿ ಜೋರಾದ ಜಾಗ −6 ಡೆಸಿಬೆಲ್ ದಾಟಬಾರದು. ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 17 ಎಂಬಿ, ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಜಿಬಿ ಮೇಲೆ ಚೂರು. ಈ ಮೂಲ ಫೈಲನ್ನು ಮುಟ್ಟದೆ ಇಟ್ಟು, ಅದರ ಪ್ರತಿಯ ಮೇಲೆ ಕೈಯಾಡಿಸಿ.

ಅಡಾಸಿಟಿ ತಂತ್ರಾಂಶದಲ್ಲಿ ಹಿಸ್ ತಗ್ಗಿಸುವಾಗ ಅದರ ಮಾದರಿಯನ್ನು ಎಲ್ಲಿಂದ ಆರಿಸುತ್ತೀರಿ ಎನ್ನುವುದು ಮುಖ್ಯ. ಶುರುವಿನ ಬಣ್ಣದ ಅಥವಾ ಪಾರದರ್ಶಕ ಲೀಡರಿನಲ್ಲಿ ಕಾಂತೀಯ ಲೇಪನವೇ ಇಲ್ಲ, ಅಲ್ಲಿ ಕೇಳುವುದು ಯಂತ್ರದ ಸದ್ದು ಮಾತ್ರ. ಲೀಡರ್ ಮುಗಿದು ಕಥೆ ಶುರುವಾಗುವ ಮುಂಚಿನ ಒಂದೆರಡು ಸೆಕೆಂಡಿನ ಹಿಸ್ ಬೇಕು. ತಗ್ಗಿಸುವುದು 6 ಡೆಸಿಬೆಲ್, ಅಷ್ಟೇ. 12ಕ್ಕೆ ಏರಿಸಿದರೆ ದನಿಯ ಸುತ್ತ ನೀರೊಳಗಿನ ಗುಳುಗುಳು ಸೇರಿಕೊಳ್ಳುತ್ತದೆ. ಚೂರು ಹಿಸ್ ಇದ್ದರೆ ಮಕ್ಕಳಿಗೆ ಏನೂ ತೊಂದರೆಯಿಲ್ಲ. ಮೌನವನ್ನು ತಾನಾಗಿ ಕತ್ತರಿಸುವ ಸವಲತ್ತನ್ನಂತೂ ಬಳಸಲೇಬೇಡಿ. ಪುಸ್ತಕದ ಜೊತೆಗೆ ಬಂದ ಕ್ಯಾಸೆಟ್‌ಗಳಲ್ಲಿ ಪುಟ ತಿರುಗಿಸಲು ಗಂಟೆ ಬಾರಿಸಿದ ಸದ್ದು, ಅದರ ಬೆನ್ನಿಗೆ ಒಂದಿಷ್ಟು ಬಿಡುವು ಇರುತ್ತದೆ. ಅದು ಮಗುವಿನ ಕೈಗೆ ಬಿಟ್ಟ ಸಮಯ.

ಉಳಿಸಲು ದನಿಯ ಗುಣ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲು. ಮಕ್ಕಳ ಪ್ಲೇಯರಿಗೆ ಎಂಪಿತ್ರೀ, ಬರೀ ಮಾತಾದರೆ ಮೊನೊ 64 ಕೆಬಿಪಿಎಸ್, ಹಾಡಿದ್ದರೆ ಸ್ಟೀರಿಯೊ 128. ಒಂದು ಕಥೆ ಎ ಬದಿಯಲ್ಲಿ ನಿಂತು ಬಿ ಬದಿಯಲ್ಲಿ ಮುಂದುವರಿದಿದ್ದರೆ ಎರಡನ್ನೂ ಒಂದೇ ಫೈಲಾಗಿ ಸೇರಿಸಿ, ಆದರೆ ಮೂಲ ಫೈಲುಗಳು ಬದಿಗೊಂದರಂತೆ ಬೇರೆಯೇ ಇರಲಿ. ಫೈಲಿನ ಹೆಸರಲ್ಲಿ ಬದಿ, ಡಾಲ್ಬಿ ಹಾಕಿದ್ದೋ ಇಲ್ಲವೋ ಎಂಬುದನ್ನು ಬರೆದಿಡಿ. ಡಬ್ಬಿ ಬದಲಿಸಿದ್ದರೆ ಹಳೆಯ ಡಬ್ಬಿಯ ಎರಡೂ ಬದಿಯ ಫೋಟೊ ಅದೇ ಫೋಲ್ಡರಿನಲ್ಲಿ ಹಾಕಿ: ಅಚ್ಚು ನೇರವಾಗಿ ಪ್ಲಾಸ್ಟಿಕ್ ಮೇಲೆಯೇ ಇದ್ದರೆ ಕಥೆಗಳ ಪಟ್ಟಿ ಅಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲ.