ಮೈ ಮುಟ್ಟದೆ ಹೊಡೆದಾಡುವ ಕುಣಿತ: ಬ್ರೂಕ್ಲಿನ್ ರಾಕಿಂಗ್ ಕಲಿತ ನನ್ನ ಅನುಭವ

ನಾನು ಕಲಿತದ್ದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ರಾಕಿಂಗ್ ಎಂಬ ಬೀದಿ ಕುಣಿತ. ರಾಕಿಂಗ್ ಅಂದರೆ ಬ್ರೇಕಿಂಗೇ, ಆ ನೆಲಕ್ಕಿಳಿದು ಸುತ್ತುವ ಹಿಪ್‌ಹಾಪ್ ಕುಣಿತವೇ, ಅಲ್ಲವಾ ಎಂದು ಊರಿನ ಗೆಳೆಯರು ಕೇಳುತ್ತಾರೆ. ಅಲ್ಲ. ಬ್ರೇಕಿಂಗ್‌ನಲ್ಲಿ ಒಬ್ಬರು ಕುಣಿದು ಮುಗಿಸುವ ತನಕ ಇನ್ನೊಬ್ಬರು ಕೈಕಟ್ಟಿ ಕಾಯುತ್ತಾರೆ. ರಾಕಿಂಗ್‌ನಲ್ಲಿ ಕಾಯುವ ಮಾತೇ ಇಲ್ಲ, ಇಬ್ಬರೂ ಒಟ್ಟಿಗೇ ಕುಣಿಯುತ್ತಾರೆ. ಒಂದು ಮಾರು ಅಂತರದಲ್ಲಿ ಎದುರುಬದುರು ನಿಂತು, ಹಾಡು ಶುರುವಾದಲ್ಲಿಂದ ಮುಗಿಯುವವರೆಗೂ. ಮೈಗೆ ಮೈ ತಾಗುವಂತಿಲ್ಲ. ಆ ಮೂರು ನಾಲ್ಕು ನಿಮಿಷದಲ್ಲಿ ಎದುರಿಗಿರುವವನನ್ನು ಬರೀ ಕೈ, ಕಾಲು, ಸೊಂಟ, ಮುಖದಿಂದಲೇ ಹೊಡೆದು ಉರುಳಿಸಬೇಕು. ಅವನೂ ಅದೇ ಹೊತ್ತಿನಲ್ಲಿ ನಮಗೆ ಅದನ್ನೇ ಮಾಡುತ್ತಿರುತ್ತಾನೆ.

ನಾನು ಧಾರವಾಡದವಳು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಬ್ರೇಕಿಂಗ್ ಹುಚ್ಚು ಹಿಡಿಯಿತು. ಆಮೇಲೆ ಕೆಲಸದ ನೆಪದಲ್ಲಿ ಅಮೆರಿಕಕ್ಕೆ ಬಂದು ಜರ್ಸಿ ಸಿಟಿಯಲ್ಲಿ ಮನೆ ಮಾಡಿದೆ. ಜರ್ನಲ್ ಸ್ಕ್ವೇರ್‌ನಲ್ಲಿ ಪಾತ್ ರೈಲು ಹತ್ತಿ, ಮ್ಯಾನ್‌ಹ್ಯಾಟನ್ನಿನ 14ನೇ ಬೀದಿಯಲ್ಲಿ ಇಳಿದು, ಅಲ್ಲಿಂದ ಎಲ್ ಟ್ರೇನ್ ಹಿಡಿದರೆ ನದಿಯಾಚೆ ಬ್ರೂಕ್ಲಿನ್, ಅದರೊಳಗೆ ಬುಶ್‌ವಿಕ್. ಶನಿವಾರದ ಮಧ್ಯಾಹ್ನಗಳನ್ನು ನಾನು ಕಳೆದದ್ದು ಅಲ್ಲಿಯೇ, ಮಾರಿಯಾ ಹರ್ನಾಂಡಿಸ್ ಪಾರ್ಕಿನ ಆಸುಪಾಸಿನಲ್ಲಿ.

ಬೇರೆಲ್ಲೂ ಹೋಗದೆ ಅಲ್ಲಿಗೇ ಹೋಗಿದ್ದಕ್ಕೆ ಕಾರಣವಿದೆ. 1960ರ ದಶಕದ ಕೊನೆಯಲ್ಲಿ ಈ ಕುಣಿತ ರೂಪುಗೊಂಡದ್ದು ಆ ಬೀದಿಗಳಲ್ಲೇ. ಹಳಬರು ಮೊದಲು ಹೇಳುವುದು ಇಬ್ಬರು ಕುಣಿತಗಾರರ ಹೆಸರು: ರಬ್ಬರ್‌ಬ್ಯಾಂಡ್ ಮ್ಯಾನ್ ಮತ್ತು ಅಪಾಚೆ. ಪೋರ್ಟೊರಿಕೊದಿಂದ ಬಂದ ಕುಟುಂಬಗಳೂ ಕಪ್ಪು ಅಮೆರಿಕನ್ ಕುಟುಂಬಗಳೂ ಅಕ್ಕಪಕ್ಕ ಬಾಳಿದ ಕೇರಿಗಳವು. ಮನೆಯೊಳಗೆ ಮಾಂಬೊ, ಸಾಲ್ಸಾ. ರೇಡಿಯೊದಲ್ಲಿ ಸೋಲ್, ಫಂಕ್, ರಾಕ್. ಹೊರಗೆ ಬೀದಿಗೊಂದು ಗ್ಯಾಂಗು. ಗ್ಯಾಂಗಿನ ಲಾಂಛನ ಹೊಲಿದ ತೋಳಿಲ್ಲದ ಜಾಕೆಟ್ಟಿಗೆ ಕಲರ್ಸ್ ಎಂದು ಹೆಸರು. ಅದನ್ನು ತೊಟ್ಟು ಬೇರೆ ಗ್ಯಾಂಗಿನ ಬೀದಿಯಲ್ಲಿ ಕಾಲಿಡುವುದೆಂದರೆ ಜಗಳಕ್ಕೆ ಕರೆದಂತೆ. ಚಾಕು ಚೂರಿಯ ಆ ಜಗಳದ ವರಸೆಗಳೆಲ್ಲ ಕುಣಿತಕ್ಕೆ ಇಳಿದವು. ಕುಣಿತದಲ್ಲಿ ಸೋತವರು ಮೈಮೇಲಿನ ತಂಡದ ಅಂಗಿಯನ್ನೇ ಬಿಚ್ಚಿ ಕೊಡುವ ಪಂದ್ಯಗಳೂ ಇದ್ದವೆಂದು ಹಳಬರು ಹೇಳುತ್ತಾರೆ. 1977ರ ಜುಲೈ 13ರ ರಾತ್ರಿ ಹೆಚ್ಚುಕಡಿಮೆ ಇಡೀ ನ್ಯೂಯಾರ್ಕಿಗೆ ಕರೆಂಟ್ ಹೋದಾಗ ಅಂಗಡಿಗಳು ಲೂಟಿಯಾಗಿ ಸಾಲುಸಾಲು ಕಟ್ಟಡ ಸುಟ್ಟುಹೋದ ಜಾಗಗಳಲ್ಲಿ ಬುಶ್‌ವಿಕ್ ಕೂಡ ಒಂದು. ಅಂಥ ಕಡೆ ಬೆಳೆದ ಹುಡುಗರು ಒಬ್ಬರನ್ನೊಬ್ಬರು ಮುಟ್ಟದೆ ಹೊಡೆದಾಡುವ ದಾರಿ ಕಂಡುಕೊಂಡರಲ್ಲ, ಅದೇ ನನ್ನನ್ನು ಈ ಕುಣಿತಕ್ಕೆ ಕಟ್ಟಿಹಾಕಿದ್ದು.

ನನಗೆ ಕಲಿಸಿದವರು ನಿವೃತ್ತ ಬಸ್ ಡ್ರೈವರ್. ಅರವತ್ತು ದಾಟಿದ ಹಿರಿಯರು. ಹೆಸರು ಬರೆಯುವುದು ಬೇಡ ಎಂದಿದ್ದಾರೆ, ಹಾಗಾಗಿ ಮೇಷ್ಟ್ರು ಎಂದೇ ಬರೆಯುತ್ತೇನೆ. ಮೊದಲ ದಿನ ಅವರು ನನಗೆ ಒಂದು ಹೆಜ್ಜೆಯನ್ನೂ ಹೇಳಿಕೊಡಲಿಲ್ಲ. ಸ್ಪೀಕರ್ ಎದುರು ಕೂರಿಸಿ, "ಮಗಳೇ, ಈ ಹಾಡಲ್ಲಿ ಟ್ರಂಪೆಟ್ ಎಲ್ಲಿ ಬರುತ್ತೆ, ಡ್ರಮ್ ಒಂದೇ ಉಳಿಯೋದು ಎಲ್ಲಿ, ದನಿ ಮತ್ತೆ ಎಲ್ಲಿ ಸೇರುತ್ತೆ, ಎಲ್ಲ ಬಾಯಿಪಾಠ ಆಗಲಿ. ಕುಣಿಯೋದು ಆಮೇಲೆ" ಅಂದರು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಬ್ರೇಕಿಂಗ್‌ನಿಂದ ಬಂದವರು ಎಡವುವುದು ಇಲ್ಲೇ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನದೇ ಇನ್ನೊಂದು ಭಾಗವಾದ ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂದ ಪಾರ್ಟಿಯಿಂದ ಹೆಸರಾದ ಡಿಜೆ ಕೂಲ್ ಹರ್ಕ್, ಹಾಡಿನಲ್ಲಿ ವಾದ್ಯಗಳೆಲ್ಲ ನಿಂತು ತಾಳವಷ್ಟೇ ಉಳಿಯುವ ತುಣುಕನ್ನು ಎರಡು ರೆಕಾರ್ಡುಗಳ ಮೇಲೆ ಹಿಂದೆಮುಂದೆ ಹಾಕಿ ಉದ್ದ ಮಾಡಿದ. ಆ ತುಣುಕೇ ಬ್ರೇಕ್. ಬ್ರಾಂಕ್ಸ್ ಹುಡುಗರು ಕುಣಿದದ್ದು ಅದಕ್ಕೆ. ಬ್ರೂಕ್ಲಿನ್ನಿನವರು ಹಾಡನ್ನು ಕತ್ತರಿಸಲಿಲ್ಲ. ಜಿಮ್ಮಿ ಕ್ಯಾಸ್ಟರ್ ಬಂಚ್ 1972ರಲ್ಲಿ ತಂದ 'ಇಟ್ಸ್ ಜಸ್ಟ್ ಬಿಗನ್' ರಾಕರುಗಳಿಗೆ ಪ್ರಾಣ. ಅದು ಶುರುವಾದರೆ ಸ್ಯಾಕ್ಸೊಫೋನಿನ ಮೊದಲ ಉಸಿರಿನಿಂದ ಕೊನೆಯವರೆಗೂ ಕುಣಿಯಬೇಕು. ದನಿ ಹಾಡುವಾಗ ಬಿಡುಬೀಸಾದ ಹೆಜ್ಜೆ, ತಿರುವು, ಸಾಲ್ಸಾದ ವಾಸನೆಯಿರುವ ಪಾದಗಳ ಆಟ. ಇದಕ್ಕೆ ಫ್ರೀಸ್ಟೈಲ್ ಎನ್ನುತ್ತಾರೆ. ಬ್ರೇಕ್ ಬಂದ ಕೂಡಲೇ ಜರ್ಕ್, ಅಂದರೆ ಹಠಾತ್ತನೆ ಬಿದ್ದು ಏಳುವ ಚಲನೆ. ಎಲ್ಲಿ ಯಾವುದು ಎಂದು ಹಾಡೇ ಹೇಳುತ್ತದೆ. ಹಾಡು ಗೊತ್ತಿಲ್ಲದವರಿಗೆ ಎಂಥ ಮೈಕಟ್ಟಿದ್ದರೂ ಉಪಯೋಗವಿಲ್ಲ.

ಹಾಗಾಗಿ ಪಾತ್ ರೈಲಿನಲ್ಲಿ ನಿಂತೇ ಹಾಡುಗಳನ್ನು ಕೇಳಿಸಿಕೊಂಡೆ. ರಾಕರುಗಳು ಆಡುವ ಹಾಡುಗಳ ಪಟ್ಟಿ ಬಹಳ ಉದ್ದವೇನಲ್ಲ. ಅದು ಒಳ್ಳೆಯದೇ ಆಯಿತು. ಕೆಲವೇ ಹಾಡುಗಳನ್ನು ಒಳಹೊರಗೆ ಬಲ್ಲವರ ನಡುವೆ ನಿಂತಾಗ, ಯಾರು ಯಾವ ತಿರುವನ್ನು ಹಿಡಿದರು, ಯಾವುದನ್ನು ಬಿಟ್ಟರು ಎಂದು ಸುತ್ತ ನಿಂತವರಿಗೆಲ್ಲ ತಿಳಿಯುತ್ತದೆ. ಮೋಸ ನಡೆಯುವುದಿಲ್ಲ.

ಇನ್ನು ಜರ್ಕ್. ರಾಕಿಂಗ್‌ನ ಬೆನ್ನೆಲುಬು ಇದೇ. ನಾಲ್ಕು ಎಣಿಕೆಯ ಹಠಾತ್ ಚಲನೆ. ಒಂದೊಂದು ಕೇರಿಯವರದು ಒಂದೊಂದು ಬಗೆ, ನಾನು ಕಲಿತದ್ದು ಹೀಗೆ: ಒಂದಕ್ಕೆ ಬಲಗಾಲು ಅಡ್ಡ ಬಂದು ಭುಜ ಎದುರಾಳಿಯ ಕಡೆ ತಿರುಗುತ್ತದೆ. ಎರಡಕ್ಕೆ ಎದೆ ಬಿಚ್ಚಿಕೊಂಡು ಕೈಗಳು ಎತ್ತಿ ಬರುತ್ತವೆ. ಮೂರಕ್ಕೆ ಮಂಡಿ ಮಡಚಿ ದೇಹ ಪೂರ್ತಿ ಕೆಳಗೆ. ನಾಲ್ಕಕ್ಕೆ ಮೇಲೆ. ಕಾಗದದ ಮೇಲೆ ಇಷ್ಟೇ. ಕಷ್ಟವಿರುವುದು ಮೂರರಲ್ಲಿ. ಕೂರುವುದಲ್ಲ, ಬೀಳುವುದು. ತೊಡೆಯ ಬಲದಿಂದ ಮೆಲ್ಲಗೆ ಇಳಿದರೆ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗುತ್ತದೆ, ನೋಡುವವರಿಗೆ ಬಸ್ಕಿ ಹೊಡೆದಂತೆ ಕಾಣುತ್ತದೆ. ಮಂಡಿಯ ಬಿಗಿ ಒಮ್ಮೆಲೇ ಬಿಟ್ಟು ತೂಕವನ್ನು ನೆಲಕ್ಕೆ ಒಪ್ಪಿಸಬೇಕು, ಹಿಮ್ಮಡಿ ಎತ್ತಿಕೊಂಡೇ ಇರಬೇಕು. ಆಗ ನಾಲ್ಕನೆಯ ಎಣಿಕೆಗೆ ಮೇಲೇಳಲು ನೆಲವೇ ತಳ್ಳಿಕೊಡುತ್ತದೆ. ಬ್ರೇಕ್ ಪೂರ್ತಿ ಇದನ್ನೇ ಮಾಡುತ್ತಿರಬೇಕು. ಮಂಡಿ ಕಾಯಲೆಂದು ನಾನು ಮರದ ನೆಲ ಹುಡುಕಿದೆ, ಸಿಮೆಂಟಿನ ಮೇಲೆ ಅಭ್ಯಾಸ ಮಾಡಲಿಲ್ಲ. ತಳ ಚಪ್ಪಟೆಯಿರುವ ಕ್ಯಾನ್ವಾಸ್ ಶೂ ಸಾಕು. 70ರ ದಶಕದಲ್ಲಿ ಹುಡುಗರು ಪ್ರೊ-ಕೆಡ್ಸ್ ಹಾಕುತ್ತಿದ್ದರು. ಈಗಿನ ದಪ್ಪ ಸ್ಪಂಜಿನ ಓಟದ ಶೂ ಹಾಕಿದರೆ ಪಾದಕ್ಕೆ ನೆಲದ ಸುದ್ದಿಯೇ ಮುಟ್ಟುವುದಿಲ್ಲ.

ಅಭ್ಯಾಸಕ್ಕೆ ನಾನು ಮಾಡಿಕೊಂಡ ಕ್ರಮವಿದು: ಮೊದಲು ನಿಧಾನದ ಹಾಡಿಗೆ ಬರೀ ಮೂರು ಮತ್ತು ನಾಲ್ಕು. ಕೈಗಳು ಸೊಂಟದ ಮೇಲೆ. ಬೀಳುವುದು ಸಲೀಸಾದ ಮೇಲೆ ಕೈ ಬಿಟ್ಟೆ. ಆಮೇಲಷ್ಟೇ ವೇಗದ ಹಾಡು.

ಆ ನಾಲ್ಕು ಎಣಿಕೆಯೊಳಗೆ ಕೈಗಳು ಏನು ಮಾಡುತ್ತವೆ ಎಂಬುದೇ ಬರ್ನ್. ಗಾಳಿಯಲ್ಲಿ ಬಿಲ್ಲು ಎಳೆಯಬಹುದು, ಕೊಡಲಿ ಬೀಸಬಹುದು, ಎದುರಿನವನ ಎದೆಯಿಂದ ಹೃದಯ ಕಿತ್ತು ನೆಲಕ್ಕೆಸೆದು ಹೊಸಕಬಹುದು. ಹೊಸಬರು ಇದನ್ನು ನೋಡಿ ಬೈಗುಳ ಎಂದುಕೊಂಡು, ಬಂದಷ್ಟು ಬೈದು ಮುಗಿಸುತ್ತಾರೆ. ನನ್ನ ಮಟ್ಟಿಗೆ ಬರ್ನ್ ಅಂದರೆ ಉತ್ತರ. ಅಮ್ಮನ ತವರಿನ ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು-ಜವಾಬು ಹಾಡುವುದನ್ನು ಕೇಳಿ ಬೆಳೆದವಳು ನಾನು. ಹರದೇಶಿಯವರು ಗಂಡು ಹೆಚ್ಚೆಂದು ಕಟ್ಟಿ ಹಾಡಿದರೆ, ನಾಗೇಶಿಯವರು ಅದೇ ಮಾತಿನ ಎಳೆ ಹಿಡಿದು ಹೆಣ್ಣು ಹೆಚ್ಚೆಂದು ಜವಾಬು ಕೊಡಬೇಕು. ಕೇಳಿದ ಸವಾಲನ್ನು ಬಿಟ್ಟು ಬೇರೇನೋ ಚಂದವಾಗಿ ಹಾಡಿದರೆ ಕೂತವರು ಒಪ್ಪುವುದಿಲ್ಲ. ರಾಕಿಂಗ್‌ನ ಹಳಬರೂ ಹಾಗೆಯೇ. ಅವನು ಬಾಣ ಬಿಟ್ಟಾಗ ನಾನು ಕೊಡಲಿ ಬೀಸಿದರೆ ಅವನ ಬಾಣ ನನ್ನ ಎದೆಯಲ್ಲೇ ಉಳಿಯಿತು. ಬಾಣಕ್ಕೆ ಏನಾದರೂ ಮಾಡಬೇಕು.

ಒಂದು ಪಂದ್ಯದ ಮಾತು ಹೇಳುತ್ತೇನೆ. ಎರಡು ಸಾಲಾಗಿ ಎದುರುಬದುರು ನಿಲ್ಲುವುದಕ್ಕೆ ಅಪಾಚೆ ಲೈನ್ ಎನ್ನುತ್ತಾರೆ. ನನ್ನೆದುರು ಬಂದವನು ಕ್ವೀನ್ಸ್ ಕಡೆಯ ನೀಳ ಕಾಲಿನ ಹುಡುಗ. ಫ್ರೀಸ್ಟೈಲಿನಲ್ಲಿ ಅವನ ಹೆಜ್ಜೆ ನನಗಿಂತ ಚೆನ್ನಾಗಿತ್ತು, ಸಾಲ್ಸಾ ಮನೆಯಲ್ಲೇ ಕಲಿತವನು. ಬ್ರೇಕ್ ಬಂತು. ಮೊದಲ ಜರ್ಕಿನಲ್ಲೇ ಅವನು ತಲೆಯ ಮೇಲೆ ಹಗ್ಗದ ಕುಣಿಕೆ ತಿರುಗಿಸಿ, ನಾಲ್ಕನೇ ಎಣಿಕೆಗೆ ಸರಿಯಾಗಿ ನನ್ನ ಕೊರಳಿಗೆ ಎಸೆದ. ಸುತ್ತ ನಿಂತವರು ಹೋ ಎಂದರು. ನಾನು ಆ ಕುಣಿಕೆಯನ್ನು ಬಿಚ್ಚಲಿಲ್ಲ. ಅವನು ಜಗ್ಗುತ್ತಿದ್ದಂತೆ ಎರಡು ಎಣಿಕೆ ಜಗ್ಗಿಸಿಕೊಂಡು ಮುಂದೆ ಹೋದೆ. ಮೂರಕ್ಕೆ ಬೀಳುವಾಗ ಹಗ್ಗ ಸಡಿಲಾಯಿತು, ಅದನ್ನು ಅವನ ಕಣಕಾಲಿಗೆ ಸುತ್ತಿದಂತೆ ಮಾಡಿ, ನಾಲ್ಕಕ್ಕೆ ಎದ್ದು ತುದಿಯನ್ನು ಮೇಲಕ್ಕೆ ಎಳೆದೆ. ಮಡಚುವ ಕುರ್ಚಿಯಲ್ಲಿ ಕೂತಿದ್ದ ಇಬ್ಬರು ಹಿರಿಯರು ತೊಡೆ ತಟ್ಟಿ ನಕ್ಕರು. ಹುಡುಗನ ಸ್ವಭಾವ ನೋಡಿ: ಕಾಲು ಕಟ್ಟಿದೆ ಎಂಬುದನ್ನು ಒಪ್ಪಿಕೊಂಡು ಮುಂದಿನ ಜರ್ಕನ್ನು ಎರಡೂ ಪಾದ ಜೋಡಿಸಿ ಕುಪ್ಪಳಿಸಿಯೇ ಮಾಡಿದ, ಸೊಂಟದಿಂದ ಚಾಕು ತೆಗೆದು ಹಗ್ಗ ಕತ್ತರಿಸಿ, ಅದೇ ಚಾಕುವನ್ನು ನನ್ನತ್ತ ತಿರುಗಿಸಿದ. ಇಷ್ಟೆಲ್ಲ ತಾಳ ತಪ್ಪದೆ. ಹಾಡಿನ ಕೊನೆಯ ಭಾಗದಲ್ಲಿ ಅವನು ತುತ್ತೂರಿಯ ಒಂದೊಂದು ಏಟನ್ನೂ ಭುಜದಲ್ಲಿ ತೋರಿಸಿದ. ತೀರ್ಪು ಅವನ ಕಡೆಗೆ ಹೋಯಿತು. ಸರಿಯಾದ ತೀರ್ಪು. ಮುಗಿದ ಮೇಲೆ ಇಬ್ಬರೂ ತಬ್ಬಿಕೊಂಡೆವು. ಅದು ಅಲ್ಲಿನ ಪದ್ಧತಿ, ನನಗೆ ಬಹಳ ಇಷ್ಟವಾದ ಪದ್ಧತಿ.

ಹೆಣ್ಣುಮಕ್ಕಳು ಈ ಸಾಲಿನಲ್ಲಿ ನಿಲ್ಲುವ ಬಗ್ಗೆಯೂ ಹೇಳಬೇಕು. ಹಳೆಯ ಬರ್ನ್‌ಗಳಲ್ಲಿ ಅಶ್ಲೀಲ ಸನ್ನೆಗಳು ಧಾರಾಳವಾಗಿವೆ. ಅವನ್ನು ಗಂಡಸರು ಹೆಂಗಸರ ಎದುರು ಮಾಡುವುದೂ ಉಂಟು. ಕೆಲವು ಗೆಳತಿಯರು ಅದಕ್ಕೆ ಅದೇ ಭಾಷೆಯಲ್ಲಿ ಮರಳಿ ಕೊಡುತ್ತಾರೆ, ಅದೂ ಸರಿಯೇ. ನಾನು ಬೇರೆ ದಾರಿ ಹಿಡಿದೆ. ಅಂಥ ಸನ್ನೆ ಮಾಡಿದ ಕೈಯನ್ನೇ ಗಾಳಿಯಲ್ಲಿ ಹಿಡಿದು, ಮಡಚಿ, ಗಂಟು ಕಟ್ಟಿ ಅವರಿಗೇ ವಾಪಸ್ ಕೊಡುತ್ತೇನೆ. ಒರಳಲ್ಲಿ ಅರೆಯುವುದು, ಮೊರದಲ್ಲಿ ಕೇರುವುದು, ರೊಟ್ಟಿ ಬಡಿಯುವುದು, ಇವೆಲ್ಲ ನನ್ನ ಬರ್ನ್‌ಗಳಾಗಿವೆ. ಎದುರಾಳಿಯನ್ನು ಹಿಟ್ಟು ಮಾಡಿ ನಾದಿ, ಬಡಿದು, ಹಂಚಿನ ಮೇಲೆ ಹಾಕಿ ತಿರುವಿ ಹಾಕಿದಾಗ ಬುಶ್‌ವಿಕ್‌ನ ಅಜ್ಜಿಯರಿಗೂ ಅರ್ಥವಾಗುತ್ತದೆ, ಅವರೂ ಹಿಟ್ಟು ನಾದಿದವರೇ. ಮೇಷ್ಟ್ರು ಇದನ್ನು ನೋಡಿ ಬದಲಿಸು ಎನ್ನಲಿಲ್ಲ. "ನಿನ್ನ ಮನೆಯಿಂದ ತಂದದ್ದು ಬೇರೆ ಯಾರ ಹತ್ತಿರವೂ ಇರಲ್ಲ, ಇನ್ನೂ ತಾ" ಅಂದರು.

ಬ್ರೇಕಿಂಗ್ ಬೆಳೆದಂತೆ ರಾಕಿಂಗ್ ಹಿಂದೆ ಸರಿಯಿತು. ಡೈನಾಸ್ಟಿ ರಾಕರ್ಸ್ ತಂಡದ ರಾಲ್ಫ್ ಕಾಸನೋವಾ, ಕಿಂಗ್ ಅಪ್‌ರಾಕ್ ಎಂದೇ ಹೆಸರಾದವರು, ಅಂಥ ಕೆಲವರು ಹಿಡಿದು ಮುಂದಿನವರಿಗೆ ದಾಟಿಸಿದ್ದರಿಂದ ಇಂದು ಜಪಾನ್, ಯುರೋಪಿನಲ್ಲೂ ಇದನ್ನು ಆಡುವವರಿದ್ದಾರೆ. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ನಡೆದಾಗ ಊರಿನಿಂದ ಎಷ್ಟೋ ಮೆಸೇಜುಗಳು ಬಂದವು, ನಿನ್ನ ಕುಣಿತ ಟಿವಿಯಲ್ಲಿ ಬರ್ತಾ ಇದೆ ಎಂದು. ನೆಲಕ್ಕಿಳಿಯುವ ಮುನ್ನ ಅವರು ನಿಂತು ಕುಣಿದದ್ದು ಟಾಪ್‌ರಾಕ್. ಅದರಲ್ಲಿ ಅಲ್ಲಲ್ಲಿ ನಮ್ಮ ಜರ್ಕ್, ಬರ್ನ್‌ಗಳ ತುಣುಕು ಕಾಣಿಸಿದವು. ಆದರೆ ಎದುರಿನವರು ಆಗ ಸುಮ್ಮನೆ ನಿಂತಿದ್ದರು. ಸುಮ್ಮನೆ ನಿಂತವರ ಮೇಲೆ ಬಿಟ್ಟ ಬರ್ನ್‌ಗೆ ಅರ್ಧ ಜೀವ ಮಾತ್ರ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬ್ರೇಕಿಂಗ್ ಮಾಡುತ್ತಿರುವವರು ಇದನ್ನು ಶುರುಮಾಡಬೇಕೆಂದರೆ ಕನ್ನಡಿ ಬಿಡಿ, ಜೊತೆಗೊಬ್ಬರನ್ನು ಹುಡುಕಿ. ಕನ್ನಡಿ ನಿಮ್ಮ ಬರ್ನ್‌ಗೆ ಜವಾಬು ಕೊಡುವುದಿಲ್ಲ. ಒಂದು ಹಾಡು ಆರಿಸಿ, ಇಬ್ಬರೂ ಅದನ್ನು ಬಾಯಿಪಾಠ ಮಾಡಿ, ನಡುವೆ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಆಚೆ ಈಚೆ ನಿಲ್ಲಿ. ಮೊದಮೊದಲು ಒಬ್ಬರು ಬರ್ನ್ ಮಾಡಿದ ಮೇಲೆ ಇನ್ನೊಬ್ಬರು ಒಂದು ಪೂರ್ತಿ ಜರ್ಕ್ ಯೋಚಿಸಲು ತೆಗೆದುಕೊಳ್ಳಲಿ. ನಾವೂ ಹಾಗೆಯೇ ಮಾಡಿದೆವು. ಯೋಚನೆಗೆ ಬೇಕಾದ ಹೊತ್ತು ತಾನಾಗಿ ಕಡಿಮೆಯಾಗುತ್ತದೆ. ಹಾಡನ್ನು ಮಾತ್ರ ಮಧ್ಯದಲ್ಲಿ ನಿಲ್ಲಿಸಬೇಡಿ, ಸುಸ್ತಾದರೂ ಕೊನೆಯ ಬಡಿತದವರೆಗೆ ಗೆರೆಯ ಮೇಲೆ ಇರಿ.